ಕವಳ ಉಗಿದವನೇ ಯಜಮಾನ

೧೯೭೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆ ಅರ್ಧ ಆಗಿತ್ತು. ನಾನು ಶಾಲೆ ಬಿಟ್ಟದ್ದಲ್ಲ, ಶಾಲೆಯೇ ನನ್ನನ್ನು ಬಿಟ್ಟದ್ದು ಎಂದು ನನ್ನ ಅಕ್ಕ ಈಗಲೂ ಹೇಳುತ್ತಾಳೆ. ಅದು ಸುಳ್ಳು. ಮಾಸ್ತರರು ಮನೆ ತನಕ ಕರೆಯಲು ಬಂದಿದ್ದರು. ಅವರು ಬರುವುದನ್ನು ಕಂಡು ನಾನು ಹಲಸಿನ ಮರ ಹತ್ತಿ ಕುಳಿತಿದ್ದೆ. ಅವರು ಕೆಳಗೆ ನಿಂತು "ತಿಮ್ಮಪ್ಪಾ, ಇಳಿಯಾ, ಹೊಡೂದಿಲ್ಲ" ಎಂದು ಕೂಗಿದರು. ನಾನು ಇಳಿಯಲಿಲ್ಲ. ಎತ್ತರದಲ್ಲಿ ಕುಳಿತು ಕೆಳಗಿನವರ ಕೂಗು ಕೇಳುವುದೇ ಮುಂದೆ ನನ್ನ ಹೊಟ್ಟೆಪಾಡು ಆಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆಮೇಲೆ ನಾನು ವಿದ್ಯುತ್ ಕಂಬ ಹೊರುವ ಗ್ಯಾಂಗಿಗೆ ದಿನಗೂಲಿಯಾಗಿ ಸೇರಿದೆ, ಲೈನ್‌ಮನ್ ಆಗಿ ನಿವೃತ್ತನಾದೆ. ನಡುವೆ ಯಾವಾಗ ಏನು ಬಡ್ತಿ ಸಿಕ್ಕಿತು ಎಂದು ಬರೆಯುವುದಿಲ್ಲ. ಬಡ್ತಿ ಸಿಕ್ಕ ದಿನ ಪೇಡೆ ಹಂಚುತ್ತಾರೆ, ಮರುದಿನ ಅದೇ ಕಂಬ, ಅದೇ ಹಗ್ಗ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನಲ್ಲಿ ರಸ್ತೆ ಬಿಟ್ಟು ಒಳಗೆ ನಿಂತ ಹಳೆಯ ಕಂಬಗಳಲ್ಲಿ ಬಹಳಷ್ಟು ನನ್ನ ಹೆಗಲ ಮೇಲಿಂದ ಹೋದವು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕೈ ತೋರಿಸಿ "ಇದು ನಂದು, ಅದು ನಂದು" ಎನ್ನುತ್ತೇನೆ. ಪಕ್ಕದಲ್ಲಿ ಕುಳಿತವರು ಮೊದಲು ನಾನು ದೊಡ್ಡ ಜಮೀನುದಾರ ಎಂದುಕೊಂಡು ಜಾಗ ಬಿಡುತ್ತಾರೆ. ಆಮೇಲೆ ಹುಚ್ಚ ಎಂದುಕೊಂಡು ಇನ್ನೂ ಸ್ವಲ್ಪ ಜಾಗ ಬಿಡುತ್ತಾರೆ.

ಇದನ್ನೆಲ್ಲ ಬರೆಯಲು ಕಾರಣ ಒಂದು ತರಬೇತಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಶಿರಸಿಯಲ್ಲಿ ಕಾರ್ಯಾಗಾರ ಇಟ್ಟಿದ್ದರು, ಹಳಬ ಎಂದು ನನ್ನನ್ನೂ ಕರೆದಿದ್ದರು. ತರಬೇತಿ ಕೊಡುವ ಮೇಡಂ ಪರದೆಯ ಮೇಲೆ ಚಿತ್ರ ತೋರಿಸಿ, ನಾಯಕತ್ವ ಒಬ್ಬನ ಸ್ವತ್ತಲ್ಲ, ಹಂಚಿಕೊಂಡು ನಡೆಸುವಂಥದ್ದು, ಒಬ್ಬರಿಗೊಬ್ಬರು ಆಸರೆಯಾಗಬೇಕು ಎಂದರು. ಚೆನ್ನಾಗಿಯೇ ಹೇಳಿದರು. ನನ್ನ ಸರದಿ ಬಂದಾಗ ನಾನು ಎದ್ದು, "ಹೌದು, ನಮ್ಮ ಗ್ಯಾಂಗಿನಲ್ಲೂ ಹಾಗೇ ಇತ್ತು. ಆದರೆ ಅದು ದೊಡ್ಡ ಮನಸ್ಸಿನಿಂದ ಬಂದದ್ದಲ್ಲ, ಕವಳದ ಚಟದಿಂದ ಬಂದದ್ದು" ಎಂದೆ. ಹುಡುಗರು ನಕ್ಕರು. ಆ ಮೇಡಂ ಎಲ್ಲರಿಗಿಂತ ಹೆಚ್ಚು ನಕ್ಕು, "ಅಣ್ಣಾವ್ರೆ, ಇದನ್ನ ಬರೆದಿಡಿ" ಎಂದರು. ಬರೆದಿದ್ದೇನೆ.

ಮೊದಲು ಕಂಬದ ಸಂಗತಿ. ರಸ್ತೆ ಬದಿಯಲ್ಲಿ ನಿಂತ ಸಿಮೆಂಟ್ ಕಂಬ ನೋಡಿದರೆ ಅದು ಸಾಧು ಪ್ರಾಣಿಯ ಹಾಗೆ ಕಾಣುತ್ತದೆ. ಅದರ ಗುಣ ತಿಳಿಯಬೇಕಾದರೆ ಅದು ಮಲಗಿದಾಗ ಎತ್ತಬೇಕು. ಈಗ ಕ್ರೇನ್ ಕಟ್ಟಿದ ಟ್ರ್ಯಾಕ್ಟರ್ ಬರುತ್ತದೆ. ಆಗ ಟ್ರ್ಯಾಕ್ಟರ್ ರಸ್ತೆ ಮುಗಿಯುವಲ್ಲಿ ಕಂಬ ಕೆಡವಿ ಹೋಗುತ್ತಿತ್ತು, ಮುಂದಿನ ಗುಡ್ಡ, ಹಳ್ಳ, ಬೇಲಿ ಎಲ್ಲ ನಮ್ಮ ಪಾಲು. ಕಂಬದ ಅಡಿಗೆ ನಾಲ್ಕು ಕಡೆ ಹಗ್ಗದ ಕುಣಿಕೆ, ಕುಣಿಕೆಯೊಳಗೆ ಗಟ್ಟಿ ಮರದ ಅಡ್ಡ ದಡಿ, ಒಂದೊಂದು ದಡಿಗೆ ಎರಡು ಹೆಗಲು. ಒಟ್ಟು ಎಂಟು ಜನ. ಎಂಟು ಜನರೂ ಒಂದೇ ಹೆಜ್ಜೆ ಇಡಬೇಕು. ಒಬ್ಬ ಅರ್ಧ ಹೆಜ್ಜೆ ತಪ್ಪಿದರೆ ಅವನ ಪಾಲಿನ ಭಾರ ಹಾರಿ ಪಕ್ಕದವನ ಹೆಗಲಿಗೆ ಕೂರುತ್ತದೆ. ಪಕ್ಕದವನು ಆ ಹೊತ್ತಿಗೆ ಹೇಳುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದ್ದರಿಂದ ಕೂಗು ಬೇಕು. ಒಬ್ಬ "ಜೋರ್ ಲಗಾಕೇ" ಎಂದರೆ ಉಳಿದವರು "ಹೈಸಾ" ಎಂದು ಹೆಜ್ಜೆ ಇಡುವುದು. ನಿಲ್ಲು, ನಡೆ, ತಗ್ಗು, ತಿರುಗು ಎಲ್ಲ ಅವನೇ ಹೇಳಬೇಕು. ಕೂಗು ಯಾರ ಹತ್ತಿರ ಇದೆಯೋ ಆ ಹೊತ್ತಿಗೆ ಅವನೇ ಯಜಮಾನ. ಆದರೆ ಒಬ್ಬನೇ ದಾರಿಯುದ್ದಕ್ಕೂ ಕೂಗಿದರೆ ಕೆಲಸ ನಡೆಯುವುದಿಲ್ಲ. ಏರು ಹತ್ತುವಾಗ ದಾರಿ ಕಾಣುವುದು ಮುಂದಿನವನಿಗೆ. ಇಳಿಯುವಾಗ ಮುಂದಿನವನಿಗೆ ತನ್ನ ಕಾಲೇ ಕಾಣುವುದಿಲ್ಲ, ಎಲ್ಲರ ಬೆನ್ನೂ ಕಾಣುವುದು ಬಾಲದಲ್ಲಿ ಇದ್ದವನಿಗೆ. ತಿರುವಿನಲ್ಲಿ ನಡುವಿನವನೇ ಗತಿ. ಹಾಗಾಗಿ ದಾರಿ ಬದಲಾದ ಹಾಗೆ ಕೂಗು ಕೈ ಬದಲಾಗಬೇಕು. ಏರಿಗೆ ನಾನು. ತಿರುವಿಗೆ ಶಿರಸಿಯ ಮಂಜು. ಇಳುಕಲಿಗೆ ಬಸ್ತ್ಯಾಂವ. ಅವನು ಯಲ್ಲಾಪುರದ ಕಾಡಿನ ಕಡೆಯ ಸಿದ್ದಿ ಜನದವನು, ಬಾಲದ ದಡಿಗೆ ಹೆಗಲು ಕೊಟ್ಟರೆ ಕಂಬ ತಾನೇ ಹಗುರಾಗುತ್ತಿತ್ತು.

ಇನ್ನು ಕವಳ. ನಮ್ಮ ಕಡೆ ಎಲೆ, ಅಡಿಕೆ, ಸುಣ್ಣ, ತಂಬಾಕು ಸೇರಿಸಿ ಬಾಯಿ ತುಂಬ ಹಾಕಿಕೊಳ್ಳುವುದಕ್ಕೆ ಕವಳ ಎನ್ನುತ್ತೇವೆ. ಗ್ಯಾಂಗಿನಲ್ಲಿ ಕವಳ ಹಾಕದವನು ಒಬ್ಬನೂ ಇರಲಿಲ್ಲ. ನಾನು ಸೇರಿದ ಹೊಸದರಲ್ಲಿ, ಭೈರುಂಬೆ ಕಡೆ ಒಂದು ಕಂಬ ಹೊತ್ತು ಇಳಿಯುತ್ತಿದ್ದೆವು. ಕೂಗು ಬಸ್ತ್ಯಾಂವನದು. ಬಾಯಿಯಲ್ಲಿ ಆಗಷ್ಟೇ ಹಾಕಿದ ಹೊಸ ಕವಳ. ಮುಂದೆ ಗೊಬ್ಬರಗುಂಡಿ ಇರುವುದು ಅವನೊಬ್ಬನಿಗೆ ಕಂಡಿತು. ನಿಲ್ಲಿ ಎನ್ನಬೇಕು, ಎನ್ನಬೇಕಾದರೆ ಉಗಿಯಬೇಕು, ಉಗಿಯಬೇಕಾದರೆ ಎದುರಿಗೆ ಇದ್ದದ್ದು ಮಂಜುವಿನ ಬೆನ್ನು. ಅವನು ಕೈ ಎತ್ತಿ ಬೀಸಿದ. ಬೆನ್ನಿಗೆ ಕಣ್ಣಿಲ್ಲವಲ್ಲ. ಮುಂದಿನ ನಾಲ್ಕು ಜನ ಕಂಬ ಸಮೇತ ಸೊಂಟದವರೆಗೆ ಗೊಬ್ಬರದಲ್ಲಿ ಇಳಿದೆವು. ಆ ದಿನ ಬಸ್ಸಿನಲ್ಲಿ ನಮಗೆ ಒಂದು ಕಡೆಯ ಸೀಟುಗಳು ಪೂರ್ತಿ ಖಾಲಿ ಸಿಕ್ಕವು.

"ಕವಳ ಉಗಿಯೂದಕ್ಕೆ ಆಗ್ಲಿಲ್ಲೇನಾ ನಿಂಗೆ?" ಎಂದು ಮಂಜು ಜಗಳ ತೆಗೆದ.

"ಉಗಿದ್ರೆ ನಿನ್ನ ಅಂಗಿ ಹೋಗ್ತಿತ್ತಲಾ ಮಾರಾಯ. ಹೊಸಾ ಅಂಗಿ ಅಂತ ನೋಡ್ದೆ" ಎಂದ ಬಸ್ತ್ಯಾಂವ.

ಅಂದಿನಿಂದ ಕಟ್ಟಳೆ ಆಯಿತು. ಕೂಗು ತೆಗೆದುಕೊಳ್ಳುವವನು ಮೊದಲು ಕವಳ ಉಗಿಯಬೇಕು. ಕೂಗು ಬಿಟ್ಟವನಿಗೆ ಅವನೇ ತನ್ನ ಸಂಚಿಯಿಂದ ಒಂದು ಕವಳ ಕೊಡಬೇಕು. ಬಾಯಿಗೆ ಕವಳ ಬಿತ್ತು ಎಂದರೆ ಅಧಿಕಾರ ಹೋಯಿತು, ಇನ್ನು ಅವನು ಸೊಲ್ಲೆತ್ತುವ ಹಾಗಿಲ್ಲ. ಇದರಿಂದ ಆದ ದೊಡ್ಡ ಲಾಭ ಏನೆಂದರೆ, ಯಜಮಾನಿಕೆಯನ್ನು ಹಿಡಿದಿಟ್ಟುಕೊಳ್ಳಲು ಯಾರಿಗೂ ಆಸೆಯೇ ಇರಲಿಲ್ಲ. ಗುಡ್ಡದ ನೆತ್ತಿ ಕಂಡ ಕೂಡಲೇ ನಾನು ಹಿಂದೆ ತಿರುಗಿ "ಬಸ್ತ್ಯಾಂವಾ, ತಗಳಾ ಮಾರಾಯ, ನಂಗೆ ಕವಳ ಕೊಡು" ಎಂದು ಗೋಗರೆಯುತ್ತಿದ್ದೆ. ಖುರ್ಚಿ ಬಿಡಲು ಇಷ್ಟು ಅವಸರ ಮಾಡುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಂಟು ಹೆಗಲಿನ ಗ್ಯಾಂಗಿನಲ್ಲಿ ಒಂಬತ್ತನೆಯವರು ಒಬ್ಬರಿದ್ದರು. ಹಸನ್‌ಸಾಬರು. ಯಲ್ಲಾಪುರ ಪೇಟೆಯವರು, ಅವರ ಅಣ್ಣನದು ಲಾರಿ ವ್ಯವಹಾರ. ಲಾರಿಯಲ್ಲಿ ಕುಳಿತರೆ ನಿದ್ದೆ ಬರುತ್ತದೆ ಎಂದು ಇವರು ಕಂಬಕ್ಕೆ ಬಂದವರು. ಒಮ್ಮೆ ಯಲ್ಲಾಪುರದ ಕೆಳಗೆ ಘಟ್ಟದಲ್ಲಿ ನಡುವಿನ ಹಗ್ಗ ತುಂಡಾಗಿ ಕಂಬ ಜಾರಿತು. ಹಸನ್‌ಸಾಬರು ಬಾಲದ ದಡಿಯನ್ನು ಒಬ್ಬರೇ ತಡೆದು ಹಿಡಿದರು. ಆ ಹೊತ್ತಿನಲ್ಲಿ ಕಂಬದ ಅಡಿಗೆ ಇದ್ದ ಕಾಲುಗಳಲ್ಲಿ ಎರಡು ನನ್ನವು. ಕಾಲು ಉಳಿಯಿತು, ಅವರ ಬಲ ಹೆಗಲು ಕಳಚಿತು. ಕೀಲು ಕೂರಿಸಿದರು, ಆದರೆ ಮೊದಲಿನ ಹಾಗೆ ಆಗಲಿಲ್ಲ. ಅಂದಿನಿಂದ ಅವರು ದಡಿಗೆ ಹೆಗಲು ಕೊಡಲಿಲ್ಲ. ಕೈಯಲ್ಲಿ ಒಂದು ಕತ್ತಿ ಹಿಡಿದು ಕಂಬದ ಮುಂದೆ ನಡೆದು ದಾರಿ ಸವರುವುದು, ಹಳ್ಳ ದಾಟಲು ಮರ ಹಾಸಿ ಮಾಡಿದ ಸಂಕ ತುಳಿದು ನೋಡುವುದು, ಎಲ್ಲರೂ ಕೂಗಲು ಹೆದರುವ ಜಾಗದಲ್ಲಿ ಕವಳ ಉಗಿದು ಮುಂದೆ ನಿಲ್ಲುವುದು. ಇದು ಅವರ ಕೆಲಸ.

"ಎಲ್ಲಾ ಕಡೆ ನೀವೇ ಕೂಗಿ ಸಾಬ್ರೆ, ನಮಗೆ ಆರಾಮು" ಎಂದು ನಾನೇ ಒಮ್ಮೆ ಹೇಳಿದ್ದೆ.

"ಬ್ಯಾಡ ತಿಮ್ಮಪ್ಪಾ. ನಾನೊಬ್ನೇ ಕೂಗಿದ್ರೆ ನನ್ನ ಗಂಟಲು ಹೋಗ್ತದೆ, ನಿಮ್ಮ ತಲೆ ಹೋಗ್ತದೆ. ನಾ ರಜಾ ಹಾಕಿದ ದಿವ್ಸ ನೀವೆಲ್ಲಾ ಕಂಬ ಹೊತ್ಕೊಂಡು ನಿಂತಲ್ಲೇ ನಿಂತಿರ್ತೀರಿ" ಎಂದರು.

ಇನ್ನು ಮೇಲಧಿಕಾರಿಗಳು. ನಾನು ಬಹಳ ಜನ ಸಾಹೇಬರನ್ನು ನೋಡಿದ್ದೇನೆ. ಜೀಪಿನಿಂದ ಇಳಿಯದವರು, ಇಳಿದರೆ ಹತ್ತದವರು, ಕಂಬಕ್ಕೆ ಕುಂಕುಮ ಹಚ್ಚದೆ ಕೆಲಸ ಶುರು ಮಾಡಲು ಬಿಡದವರು. ಅವರಲ್ಲಿ ಮರೆಯದವರು ಒಬ್ಬರು. ಹಾವೇರಿ ಕಡೆಯವರು, ಚಿಕ್ಕ ಪ್ರಾಯ. ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಒಂದು ಅಚ್ಚುಕಟ್ಟು ಬೇಕು ಎನ್ನುವವರು. ಬಂದ ವಾರವೇ ನಮ್ಮನ್ನು ಸಾಲಾಗಿ ನಿಲ್ಲಿಸಿದರು.

"ಇಲ್ಲಿ ಲೀಡರ್ ಯಾರ್ರಿ?"

ಮಂಜು, "ಎಲ್ಲಿ ಅಂತ ಹೇಳ್ಬೇಕು ಸಾಹೇಬ್ರೆ. ಏರಲ್ಲೋ, ಇಳುಕಲಲ್ಲೋ?" ಎಂದ.

"ಚೇಷ್ಟಿ ಬ್ಯಾಡ. ಕಂಬ ಹೊರೂದು ಎಂಟ್ ಮಂದಿ. ಇಲ್ಲಿ ಒಂಬತ್ತು ಮಂದಿ ಅದೀರಿ. ಈ ಹಿರೇರು ಏನ್ ಮಾಡ್ತಾರ?"

"ಕೂಗ್ತಾರೆ" ಎಂದೆ ನಾನು.

"ಬರೇ ಕೂಗಾಕ ಒಬ್ಬ ಮನಿಷಾ ಬೇಕೇನ್ರಿ? ನಾಳಿ ಒಂದಿನ ಬರ್ಲಿ, ಸೋಮವಾರದಿಂದ ಇವರು ಬ್ಯಾಡ. ಮತ್ತ ಒಬ್ಬನೇ ಲೀಡರ್ ಇರಬೇಕು. ಹೆಸರೇನ್ ನಿಮ್ದು? ತಿಮ್ಮಪ್ಪ? ನೀವೇ ಆಗ್ರಿ."

ಆಗ ನಮ್ಮನ್ನೆಲ್ಲ ಖಾಯಂ ಮಾಡುವ ಮಾತು ನಡೆದಿತ್ತು. ಗ್ಯಾಂಗಿನಲ್ಲಿ ಇದ್ದವರಿಗೆ ಅದು ಇಂದಲ್ಲ ನಾಳೆ ಬರುವಂಥದ್ದು, ಹೊರಗೆ ಬಿದ್ದವರಿಗೆ ಬಾಗಿಲು ಮುಚ್ಚಿದಂತೆ. ಹಸನ್‌ಸಾಬರ ಎರಡು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಒಂದು ಹೆಗಲಿನ ಮನುಷ್ಯನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಇದು ಸಾಹೇಬರಿಗೆ ಗೊತ್ತಿರಲಿಲ್ಲ, ನಮಗೆಲ್ಲ ಗೊತ್ತಿತ್ತು.

ನನ್ನ ಮಾತು ಹೇಳುವುದಾದರೆ, ಲೀಡರ್ ಎಂಬ ಶಬ್ದ ಕಿವಿಗೆ ಬಿದ್ದಾಗ ನನ್ನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತ್ತು. ಉಬ್ಬದೆ ಇರಲು ನಾನೇನು ಕಂಬವೇ? ಚಹಾ ಅಂಗಡಿಗೆ ಹೋದೆವು. ಅಲ್ಲಿ ಶುರುವಾಯಿತು ನೋಡಿ.

"ಲೀಡರ್ ಸಾಹೇಬ್ರೆ, ಚಾ ಕುಡಿಲಕ್ಕಾ? ಅಪ್ಪಣೆ ಉಂಟಾ?" ಎಂದ ಬಸ್ತ್ಯಾಂವ.

"ಊದಿ ಕುಡಿಬೇಕಾ, ಹಂಗೇ ಕುಡಿಬೇಕಾ, ಅದ್ನೂ ಹೇಳ್ಬಿಡಿ" ಎಂದ ಮಂಜು.

ಹಸನ್‌ಸಾಬರು ಮಾತ್ರ ಚೇಷ್ಟೆ ಮಾಡಲಿಲ್ಲ. "ತಗೋ ತಿಮ್ಮಪ್ಪಾ. ನಿನ್ನ ಮೈಬೆವರಿಗೆ ಬಂದದ್ದು ಅದು. ನನ್ನ ಚಿಂತೆ ಮಾಡ್ಬ್ಯಾಡ. ಅಣ್ಣನ ಲಾರಿ ಉಂಟು, ಸಾಮಾನು ಕಾಯ್ಕೊಂಡು ಕೂತಿರ್ತೇನೆ" ಎಂದು ನಕ್ಕರು. ಲಾರಿಯಲ್ಲಿ ಕುಳಿತರೆ ನಿದ್ದೆ ಬರುವ ಮನುಷ್ಯ. ಆ ನಗೆ ನೋಡಿ ನನಗೆ ಚಹಾ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸಾಹೇಬರ ಮುಂದೆ ನಿಂತೆ. "ಸಾಹೇಬ್ರೆ, ಲೀಡರ್ ಆಗೂದಕ್ಕೆ ಒಂದು ಅಡಚಣೆ ಉಂಟು. ಕೂಗೂವವ ಕವಳ ಹಾಕೂಹಂಗಿಲ್ಲ. ಬೆಳಗಿಂದ ಸಂಜೆ ತನಕ ಕವಳ ಬಿಟ್ಟು ಇರೂದು ನನ್ ಕೈಲಿ ಆಗ್ತಿಲ್ಲ. ಹಸನ್‌ಸಾಬ್ರೂ ಇರ್ಲಿ, ಹಂಚ್ಕಂಡು ಮಾಡ್ತೇವೆ."

ಅವರು ನಾನು ಅಪಹಾಸ್ಯ ಮಾಡುತ್ತಿದ್ದೇನೆ ಎಂದುಕೊಂಡರು. ನಾನು ಹೇಳಿದ್ದು ನೂರಕ್ಕೆ ನೂರು ಖರೆ. "ಎಲಿ ಅಡಿಕಿ ಸಲುವಾಗಿ ಲೀಡರ್‌ಶಿಪ್ ಬ್ಯಾಡ ಅಂತೀರಿ? ಭೇಷ್! ಹಂಗಾರ ಇವತ್ತ ನಾನೇ ಕೂಗ್ತೇನಿ" ಎಂದು ಕಿಸೆಯಿಂದ ಒಂದು ಸೀಟಿ ತೆಗೆದರು. ಒಂದು ಸೀಟಿ ಊದಿದರೆ ನಡೆಯುವುದು, ಎರಡು ಊದಿದರೆ ನಿಲ್ಲುವುದು. ಹಸನ್‌ಸಾಬರಿಗೆ ಜೀಪಿನಲ್ಲಿ ಕುಳಿತಿರಲು ಹೇಳಿದರು.

ಆ ದಿನದ ಕೆಲಸ ವಾನಳ್ಳಿ ಕಡೆ. ರಸ್ತೆ ಮುಗಿದಲ್ಲಿಂದ ಇಳುಕಲು, ಇಳುಕಲಿನ ಬುಡದಲ್ಲಿ ಹೆಗಡೆಯವರ ಮನೆಯ ಅಂಗಳ, ಅಂಗಳ ದಾಟಿದರೆ ಹಳ್ಳ, ಹಳ್ಳಕ್ಕೆ ಮರದ ಸಂಕ, ಸಂಕದಾಚೆ ಏರು, ಏರಿನ ಮೇಲೆ ಕಂಬದ ಗುಂಡಿ. ಒಂದೇ ದಾರಿಯಲ್ಲಿ ನಮ್ಮ ಎಲ್ಲ ಯಜಮಾನರಿಗೂ ಕೆಲಸ ಇತ್ತು. ಕಂಬ ಎತ್ತುವ ಮೊದಲು ನಾವು ಎಂಟು ಜನ ಮುಖ ಮುಖ ನೋಡಿಕೊಂಡೆವು. ಎಂಟೂ ಜನ ಒಂದೊಂದು ದೊಡ್ಡ ಕವಳ ಹಾಕಿಕೊಂಡೆವು. ಸಾಹೇಬರು ಕೂಗು ತೆಗೆದುಕೊಂಡಿದ್ದಾರೆ, ನಮ್ಮದೇನಿದೆ? ಹೇಳಿದಷ್ಟು ಮಾಡುವುದು.

ಇಳುಕಲಿನಲ್ಲಿ ಕೂಗು ಬಾಲದಲ್ಲಿ ಇರಬೇಕು. ಸಾಹೇಬರು ಕಂಬದ ತಲೆಯ ಮುಂದೆ ನಿಂತು, ಹಿಂದೆ ಹಿಂದೆ ನಡೆಯುತ್ತ, ಸೀಟಿ ಊದುತ್ತ ಇಳಿದರು. ಅವರಿಗೆ ಕಾಣುತ್ತಿದ್ದದ್ದು ನನ್ನ ಮುಖ, ಪಕ್ಕದವನ ಮುಖ, ಅಷ್ಟೇ. ಬುಡಕ್ಕೆ ಬಂದಾಗ ಕೊಟ್ಟಿಗೆ ಅಡ್ಡ ಬಂತು. ಅವರು ಕೈ ತೋರಿಸಿದತ್ತ ನಾವು ಮುಂದಿನವರು ತಿರುಗಿದೆವು. ಕಂಬದ ತಲೆ ಇತ್ತ ತಿರುಗಿದರೆ ಬಾಲ ಅತ್ತ ಬೀಸುತ್ತದೆ. ಬಾಲ ಬೀಸಿದ ಕಡೆ ಹೆಗಡೆಯವರ ಮನೆಯ ಅಮ್ಮ ಚಾಪೆಗಳ ಮೇಲೆ ಹಲಸಿನಕಾಯಿ ಹಪ್ಪಳ ಒಣಗಿಸಿದ್ದರು. ಅದರ ಮೇಲುಗಡೆ ಹಗ್ಗದಲ್ಲಿ ಒಂದು ಹಸಿರು ಸೀರೆ.

ಮೊದಲು ಸೀರೆ ಬಂತು. ಕಂಬದ ತುದಿಗೆ ಸಿಕ್ಕಿ ಬಾವುಟದ ಹಾಗೆ ಮೆರೆಯಿತು. ಆಮೇಲೆ ಹಿಂದಿನ ನಾಲ್ಕು ಜನ ಹಪ್ಪಳದ ಮೇಲೆ ನಡೆದ ಸದ್ದು ಕೇಳಿತು. ಒಣಗಿದ ಹಲಸಿನ ಹಪ್ಪಳ ಕಾಲಡಿಗೆ ಹೇಗೆ ಸದ್ದು ಮಾಡುತ್ತದೆ ಎಂದು ನಾನು ವಿವರಿಸುವುದಿಲ್ಲ, ತಿಂದವರಿಗೆ ಗೊತ್ತು.

ಅಮ್ಮ ಹೊರಗೆ ಓಡಿ ಬಂದರು. ಸಿಟ್ಟು ಬಂದಾಗ ಮನೆಮಾತೇ ಬರುವುದು. "ಅಯ್ಯೋ ದೇವ್ರೇ! ಎಂತ ಮಾಡ್ದ್ರೋ ನಿಂಗೊ! ಆನು ಎರಡು ದಿನ ಕುಂತು ಮಾಡಿದ ಹಪ್ಪಳ ಅಲ್ದನೋ! ನಿಂಗಕ್ಕೆ ಕಣ್ಣು ಕಾಣ್ತಿಲ್ಯ?"

ಸಾಹೇಬರು ಗಾಬರಿಯಾಗಿ ಎರಡು ಸೀಟಿ ಊದಿದರು. ನಾವು ನಿಂತೆವು. ಎಲ್ಲಿದ್ದೆವೋ ಅಲ್ಲೇ.

"ಮತ್ತೂ ಅಲ್ಲೇ ನಿಂತ್ಗತ್ವಲಾ! ಹಪ್ಪಳದ ಮೇಲೇ ನಿಂತ್ಗಳವನಾ?" ಅಮ್ಮನ ದನಿ ಇನ್ನೂ ಏರಿತು.

"ಯಾಕ್ರಿ ಅಲ್ಲಿ ನಿಂತ್ರಿ? ಮುಂದ ಬರ್ರಿ!" ಎಂದರು ಸಾಹೇಬರು. ಬಸ್ತ್ಯಾಂವ ಕವಳ ತುಂಬಿದ ಕೆನ್ನೆ ತೋರಿಸಿದ. ಆಮೇಲೆ ಸಾಹೇಬರ ಸೀಟಿಯತ್ತ ಬೆರಳು ತೋರಿಸಿದ. ಒಂದು ಸೀಟಿ ಬರುವ ತನಕ ಒಬ್ಬನೂ ಅಲ್ಲಾಡಲಿಲ್ಲ.

ಕೊನೆಗೆ ಅಂಗಳದ ಮೂಲೆಯಲ್ಲಿ ಕಂಬ ಇಳಿಸಿದೆವು. ಸಾಹೇಬರು ಅಮ್ಮನಿಗೆ ಕೈ ಮುಗಿದು ತಪ್ಪಾಯಿತು ಎಂದರು. ನಾಲ್ಕು ಸಲ ಎಂದರು. ಈ ಕಡೆಯ ಮನೆಗಳ ರೀತಿ ಹೇಗೆಂದರೆ, ಬೈಯುವುದು ಬೇರೆ, ಉಪಚಾರ ಬೇರೆ. ಒಂದು ಮುಗಿದ ಕೂಡಲೇ ಇನ್ನೊಂದು ಶುರು. "ಬಿಸಿಲಲ್ಲಿ ಬಂದಿದ್ದೀರಿ, ಆಸರಿಗೆ ಕುಡಿದೇ ಹೋಗಿ" ಎಂದು ಅಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಹಿಂದೆಯೇ ಕವಳದ ಹರಿವಾಣ ಬಂತು. "ಸಾಹೇಬ್ರು ಒಂದು ಕವಳ ಹಾಕಿ."

ಅಷ್ಟೂ ಹಪ್ಪಳ ತುಳಿಸಿದ ಮನುಷ್ಯ ಬೇಡ ಎನ್ನುವುದು ಹೇಗೆ? ಸಾಹೇಬರು ಎಲೆ ತೆಗೆದುಕೊಂಡರು. ಹರಿವಾಣದಲ್ಲಿ ಇದ್ದದ್ದು ನೀರಿನಲ್ಲಿ ಹಾಕಿಟ್ಟ ಅಡಿಕೆ. ರೂಢಿ ಇಲ್ಲದವರಿಗೆ ಅದು ಸೊಕ್ಕುತ್ತದೆ, ತಲೆ ತಿರುಗಿಸಿ ಬೆವರು ಇಳಿಸುತ್ತದೆ. ಬೈಗುಳ ಕೇಳಿ ಜೀಪು ಬಿಟ್ಟು ಇಳಿದು ಬಂದಿದ್ದ ಹಸನ್‌ಸಾಬರು, ಪುಣ್ಯಾತ್ಮರು, "ಸಾಹೇಬ್ರೆ, ಸ್ವಲ್ಪ ಜೋಪಾನ, ಆ ಅಡಿಕೆ" ಎಂದು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಗಟ್ಟಿಯಾಗಿಯೇ ತುಳಿದೆ.

"ನಮ್ ಕಡೆನೂ ತಿಂತಾರ್ರಿ" ಎಂದು ಸಾಹೇಬರು ಇಡೀ ಕವಳವನ್ನು ಒಮ್ಮೆಗೇ ಬಾಯಿಗೆ ಹಾಕಿದರು.

ಎಂಟು ಜನ ಒಟ್ಟಿಗೆ ಉಸಿರು ಬಿಟ್ಟೆವು. ಅವರ ಬಾಯಿಗೆ ಕವಳ ಬಿದ್ದಿತ್ತು. ಕಟ್ಟಳೆ ಎಂದರೆ ಕಟ್ಟಳೆ.

ಸ್ವಲ್ಪ ಹೊತ್ತಿಗೆ ಸಾಹೇಬರ ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರು ಒಡೆಯಿತು. ಕಂಬಕ್ಕೆ ಒರಗುವ ಹಾಗೆ ಜಗಲಿಯ ಗೋಡೆಗೆ ಒರಗಿ ಕುಳಿತರು. ಉಗಿಯಲು ಸಂಕೋಚ, ನುಂಗಲು ಹೆದರಿಕೆ. ಅಮ್ಮ ಬೀಸಣಿಗೆ ತಂದು, "ಎಂತೂ ಆಗ್ತಿಲ್ಲೆ ತಮ್ಮಾ, ಸೊಕ್ಕಿದ್ದು ಅಷ್ಟೇಯ. ಹಂಗೇ ಕುಂತ್ಕ" ಎಂದು ಗಾಳಿ ಹಾಕಿದರು. ಸಾಹೇಬರು ಅಷ್ಟರಲ್ಲಿ ತಮ್ಮ ಆಗಿಬಿಟ್ಟಿದ್ದರು.

"ಅವರನ್ನ ಬಿಟ್ಟು ಎತ್ತೂದು ಸರಿ ಅಲ್ಲ ತಿಮ್ಮಪ್ಪಾ" ಎಂದರು ಹಸನ್‌ಸಾಬರು.

"ಅವರ ಬಾಯಲ್ಲಿ ಕವಳ ಉಂಟು ಸಾಬ್ರೆ. ಸಂಕ ಯಾರದ್ದು?"

ಆ ದಿನವೇ ಹಸನ್‌ಸಾಬರ ಕೊನೆಯ ದಿನ ಎಂದು ಎಲ್ಲರಿಗೂ ನೆನಪಿತ್ತು. ಅವರು ಬೇಲಿಯ ಬುಡಕ್ಕೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ, ಸಂಕದ ಮೇಲೆ ಹೋಗಿ ತುಳಿದು ನೋಡಿ ಬಂದರು. "ಎಡಗಡೆ ಮರ ಬ್ಯಾಡ, ಬಲಕ್ಕೆ ಒತ್ತಿ ನಡೀರಿ. ಜೋರ್ ಲಗಾಕೇ!"

"ಹೈಸಾ!"

ಅರ್ಧ ಸಂಕಕ್ಕೆ ಬಂದಾಗ ಮಂಜುವಿನ ಕಾಲಡಿಯ ಮರ ಲಟ್ಟೆಂದಿತು. ಅವನ ಒಂದು ಕಾಲು ಮೊಣಕಾಲಿನ ತನಕ ಕೆಳಗೆ ಹೋಯಿತು. ಅವನ ಭಾರ ಹಾರಿ ನಮ್ಮ ಮೇಲೆ ಬಂದು ಕಂಬ ವಾಲಿತು. ಕೆಳಗೆ ಬರೀ ಬಂಡೆ. ಇಂಥ ಹೊತ್ತಿನಲ್ಲಿ ಎಂಟು ಜನ ಎಂಟು ಯೋಚನೆ ಮಾಡಿದರೆ ಎಂಟೂ ಜನ ಹೋದರು. "ಇಡ್ಬ್ಯಾಡಿ! ನಿಲ್ರಿ!" ಎಂದು ಕೇಳಿತು. ನೋಡುತ್ತೇನೆ, ಹಸನ್‌ಸಾಬರು ಮಂಜುವಿನ ಜಾಗದಲ್ಲಿ ದಡಿಯ ಅಡಿಗೆ ತಮ್ಮ ಎಡ ಹೆಗಲು ಕೊಟ್ಟಿದ್ದಾರೆ. ಮಂಜು ಕಾಲು ಎಳೆದುಕೊಂಡ. "ಜೋರ್ ಲಗಾಕೇ!" ಎಂದರು. ಹೊತ್ತುಕೊಂಡೇ ಕೂಗಿದರು, ಕೂಗಿಕೊಂಡೇ ನಡೆದರು. ಕಂಬ ಸಂಕ ದಾಟಿತು. ಆಚೆ ದಡದಲ್ಲಿ ಮಂಜು ಓಡಿ ಬಂದು ತನ್ನ ಜಾಗ ತೆಗೆದುಕೊಂಡ. ನಾನು ಕವಳ ಉಗಿದೆ. ನನ್ನ ಸಂಚಿಯಿಂದ ಹಸನ್‌ಸಾಬರು ತಾವೇ ಎಲೆ ತೆಗೆದುಕೊಂಡರು. ಅವಸರದಲ್ಲಿ ಸುಣ್ಣ ಅರ್ಧ ಗಡ್ಡಕ್ಕೆ ಹತ್ತಿತು. ಏರು ಶುರುವಾಗಿತ್ತು. ಕೂಗು ನನ್ನದು.

ಇದನ್ನೆಲ್ಲ ಸಾಹೇಬರು ಜಗಲಿಯಲ್ಲಿ ಕುಳಿತು ನೋಡಿದರು. ನೋಡದೆ ಬೇರೆ ಏನೂ ಮಾಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಅವರು ಮುಖ ತೊಳೆದುಕೊಂಡು ಏರು ಹತ್ತಿ ಬಂದಾಗ ಕಂಬ ನೆಟ್ಟಗೆ ನಿಂತಿತ್ತು. ನಾವು ಬುಡಕ್ಕೆ ಕಲ್ಲು ತುಂಬುತ್ತಿದ್ದೆವು. ಕಂಬವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಯಾರ್ರಿ ಲೀಡ್ ಮಾಡಿದ್ರು?"

"ಸಂಕಕ್ಕೆ ಹಸನ್‌ಸಾಬ್ರು. ಏರಿಗೆ ತಿಮ್ಮಪ್ಪ. ನಿಲ್ಸೂದಕ್ಕೆ ಮಂಜು" ಎಂದ ಬಸ್ತ್ಯಾಂವ.

"ಮತ್ತ ನಾನು?"

"ನೀವು ಹಪ್ಪಳದ ತನಕ ಸಾಹೇಬ್ರೆ."

ನಾವು ಯಾರೂ ನಗಲಿಲ್ಲ. ನಗು ತಡೆಯಲು ಆಗದೆ ಮಂಜು ಕಲ್ಲು ತರುವ ನೆಪದಲ್ಲಿ ಗುಡ್ಡದ ಆಚೆಗೇ ಹೋದ. ಸಾಹೇಬರು ಜೀಪು ಹತ್ತಿದರು. ಹಸನ್‌ಸಾಬರ ಬಗ್ಗೆ ಇರಲಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆ ಭಾನುವಾರ ನಾನು ಮನೆಯಲ್ಲಿ ಕೋಳಿಗೂ ಬೈದೆನಂತೆ.

ಸೋಮವಾರ ಕಚೇರಿಯ ಅಂಗಳದಲ್ಲಿ ಸೇರಿದೆವು. ಹಸನ್‌ಸಾಬರೂ ಬಂದಿದ್ದರು. ಕತ್ತಿ ಒಪ್ಪಿಸಿ ಹೋಗಲು ಬಂದದ್ದು ಎಂದರು. ಸಾಹೇಬರು ಬಂದರು, ಸಾಲು ನೋಡಿದರು, ಬೆರಳು ಮಾಡಿ ಎಣಿಸಿದರು. ಒಂಬತ್ತಕ್ಕೆ ಬಂದು ಬೆರಳು ನಿಂತಿತು. ಹಸನ್‌ಸಾಬರು ಕತ್ತಿ ಮುಂದೆ ಹಿಡಿದರು.

ಸಾಹೇಬರು ಕತ್ತಿ ತೆಗೆದುಕೊಳ್ಳಲಿಲ್ಲ. ಅಂಗೈ ಚಾಚಿದರು.

"ಒಂದ್ ಕವಳಾ ಕೊಡ್ರಿ ಹಿರೇರ. ಅಡಿಕಿ ಬ್ಯಾಡ, ಬರೇ ಎಲಿ."

ಹಸನ್‌ಸಾಬರು ಎಲೆಗೆ ಸುಣ್ಣ ಸವರಿ ಕೊಟ್ಟರು. ಸಾಹೇಬರು ಅದನ್ನು ಬಾಯಿಗೆ ಹಾಕಿ, ಕೈ ಹಿಂದೆ ಕಟ್ಟಿಕೊಂಡು, ಪಕ್ಕಕ್ಕೆ ಸರಿದು ನಿಂತರು. ಅಷ್ಟೇ. ಅದಕ್ಕಿಂತ ಚೆಂದದ ಭಾಷಣವನ್ನು ನಾನು ಯಾವ ಸಾಹೇಬರ ಬಾಯಲ್ಲೂ ಕೇಳಿಲ್ಲ. ಬಸ್ತ್ಯಾಂವ ಮಾತ್ರ ಸುಮ್ಮನಿರಲಾರದೆ "ಜೋರ್ ಲಗಾಕೇ" ಎಂದ, ಇಡೀ ಅಂಗಳ "ಹೈಸಾ" ಎಂದಿತು. ಒಳಗಿನ ಗುಮಾಸ್ತರು ಸಂಪು ಶುರುವಾಯಿತೆಂದು ಬಾಗಿಲು ಹಾಕಿಕೊಂಡರು.

ಹಪ್ಪಳದ ಲೆಕ್ಕ ಉಳಿದಿತ್ತು. ಪರಿಹಾರ ಏನು ಬೇಕು ಎಂದು ಸಾಹೇಬರೇ ಹೋಗಿ ಕೇಳಿದರು. "ಪರಿಹಾರ ಎಂತಕ್ಕೆ? ಹಲಸಿನಕಾಯಿ ಮರದಲ್ಲಿದ್ದು, ಕೈ ನಿಂಗಳದ್ದು" ಎಂದರು ಅಮ್ಮ. ಮುಂದಿನ ಭಾನುವಾರ ಸಾಹೇಬರೂ ಸೇರಿ ಹತ್ತು ಜನ ಅವರ ಜಗಲಿಯಲ್ಲಿ ಕುಳಿತು ಹಪ್ಪಳ ಒತ್ತಿದೆವು. ಹಿಟ್ಟಿಗೆ ಹಾರುತ್ತದೆ ಎಂದು ಅಮ್ಮ ಎಲ್ಲರ ಕವಳವನ್ನೂ ಮೊದಲೇ ಉಗಿಸಿದ್ದರು, ಆದರೆ ಕೂಗು ಮಾತ್ರ ಪೂರ್ತಿ ಅವರದೇ. ಬಸ್ತ್ಯಾಂವನ ಹಪ್ಪಳ ಒಂದೂ ದುಂಡಗೆ ಬರಲಿಲ್ಲ. ಸಾಹೇಬರದು ನೋಡಿದರೆ ಅಳತೆಪಟ್ಟಿ ಇಟ್ಟು ಮಾಡಿದ ಹಾಗೆ. ಅಚ್ಚುಕಟ್ಟಿನ ಮನುಷ್ಯ ಎಂದೆನಲ್ಲ.

ನಾವೆಲ್ಲ ಖಾಯಂ ಆದಾಗ ಹಸನ್‌ಸಾಬರೂ ಆದರು.

ಈಗಿನ ಹುಡುಗರಿಗೆ ಕಂಬ ಹೊರುವ ಕಷ್ಟ ಇಲ್ಲ, ಇರುವುದೂ ಬೇಡ. ಕ್ರೇನು ಎತ್ತಿ ನಿಲ್ಲಿಸುತ್ತದೆ, ಮೊಬೈಲಿನಲ್ಲಿ ಕೇಳಿ ಲೈನು ಬಂದ್ ಮಾಡಿಸುತ್ತಾರೆ. ಆದರೆ ಕಂಬ ಹತ್ತಿದವನ ಜೀವ ಈಗಲೂ ಕೆಳಗೆ ನಿಂತವನ ಬಾಯಲ್ಲಿಯೇ ಇರುವುದು. ಮೇಲಿದ್ದವನಿಗೆ ತಂತಿ ಮಾತ್ರ ಕಾಣುತ್ತದೆ, ಕೆಳಗಿದ್ದವನಿಗೆ ಮೇಲಿನವನ ಕಾಲು, ಬೆಲ್ಟು, ಪಕ್ಕದ ಕೊಂಬೆ ಎಲ್ಲ ಕಾಣುತ್ತದೆ. ಅವನು ನಿನ್ನೆ ಮೊನ್ನೆ ಸೇರಿದವನಾದರೂ ಇಳಿ ಎಂದರೆ ಇಳಿ. ಆಮೇಲೆ ಬೇಕಾದರೆ ಜಗಳ ಮಾಡು, ಜಗಳ ಮಾಡಲು ಜೀವ ಇರುತ್ತದೆ. ಕೆಳಗೆ ನಿಂತವನಿಗೂ ಒಂದು ಮಾತು. ಕವಳ ಈಗ ನೀವು ಹಾಕುವುದಿಲ್ಲ, ಒಳ್ಳೆಯದು, ಗುಟ್ಕಾ ಅಂತೂ ಮುಟ್ಟಲೇಬೇಡಿ. ಆದರೆ ಕೈಯಲ್ಲಿ ಮೊಬೈಲ್ ಹಿಡಿದು ರೀಲ್ಸ್ ನೋಡುವುದೂ ಬಾಯಲ್ಲಿ ಕವಳ ಇಟ್ಟುಕೊಂಡ ಹಾಗೆಯೇ. ಅದನ್ನು ಕಿಸೆಗೆ ಹಾಕಿದವನಿಗೆ ಮಾತ್ರ ಕೂಗುವ ಹಕ್ಕು.

ಶಿರಸಿಯ ಹಲ್ಲಿನ ಡಾಕ್ಟರು ನನಗೂ ಕವಳ ಬಿಡಿಸಿದ್ದಾರೆ. ಯಲ್ಲಾಪುರದಲ್ಲಿ ಹಸನ್‌ಸಾಬರಿಗೆ ಅವರ ದೊಡ್ಡ ಮಗಳು ಬಿಡಿಸಿದ್ದಾಳೆ, ಅವಳು ಈಗ ಶಾಲೆಯಲ್ಲಿ ಟೀಚರು. ಶುಕ್ರವಾರ ನಮಾಜು ಮುಗಿಸಿ ಅವರು ಫೋನು ಮಾಡುತ್ತಾರೆ. ಇಬ್ಬರ ಬಾಯಲ್ಲೂ ಕವಳ ಇಲ್ಲದ ಕಾರಣ ಇಬ್ಬರೂ ಒಟ್ಟಿಗೇ ಮಾತನಾಡುತ್ತೇವೆ, ಯಾರಿಗೂ ಏನೂ ಕೇಳುವುದಿಲ್ಲ. ಕೊನೆಗೆ ಅವರೇ, "ತಿಮ್ಮಪ್ಪಾ, ನಾ ಕವಳ ಹಾಕ್ದೆ ಅಂತ ತಿಳ್ಕೊ, ನೀ ಹೇಳು" ಎಂದು ಸುಮ್ಮನಾಗುತ್ತಾರೆ. ನಾನು ಹೇಳುತ್ತೇನೆ. ಸ್ವಲ್ಪ ಹೊತ್ತಿಗೆ ನಾನು ಕವಳ ಹಾಕುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಸಿದ್ದಾಪುರದ ಹತ್ತಿರ ಹಂಚಿನ ಮನೆ ಒಂದು. ಎಮ್ಮೆ ಒಂದು. ಬೈಕು ಒಂದು, ಕಿಕ್ ಒದೆಯುವುದು ಮಗಳು. ಮಾತು ಕೇಳುವ ಮೊಣಕಾಲು ಒಂದು, ಕೇಳದ್ದು ಒಂದು. ನನ್ನವೇ ಹಲ್ಲು ಹದಿನಾಲ್ಕು. ಒಂಬತ್ತು ಜನರ ಗ್ಯಾಂಗಿನಲ್ಲಿ ಉಳಿದವರು, ನನ್ನನ್ನೂ ಸೇರಿಸಿ, ಆರು. ಕಂಬ ಎತ್ತಲು ಇಬ್ಬರು ಕಡಿಮೆ. ಕೂಗಲು ಸಾಕು.